ಎಕ್ಸ್‌ರೇಯಲ್ಲಿ ಹೃದಯದ ನೆರಳು, ಪಕ್ಕೆಲುಬಿನ ಗೆರೆ

ಎದೆಯ ಎಕ್ಸ್‌ರೇ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹೃದಯ ಮತ್ತು ಮೂಳೆಯ ಬಗ್ಗೆಯೇ ಇವೆ. ಶ್ವಾಸಕೋಶದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಜ್ವರಕ್ಕೆಂದು ಆಸ್ಪತ್ರೆಗೆ ಸೇರಿಸಿದಾಗ ಹಾಸಿಗೆಯಲ್ಲೇ ಎಕ್ಸ್‌ರೇ ತೆಗೆದರು. ಹೃದಯ ದೊಡ್ಡದಾಗಿದೆ ಎಂದು ರಿಪೋರ್ಟ್ ಬಂತು. ಆಮೇಲೆ ಎಕೋ ಮಾಡಿಸಿದರೆ ಎಲ್ಲವೂ ನಾರ್ಮಲ್. ಯಾವುದನ್ನು ನಂಬಬೇಕು ಮೇಡಂ?

ಉತ್ತರ: ಎಕೋವನ್ನು, ಅಂದರೆ ಹೃದಯದ ಅಲ್ಟ್ರಾಸೌಂಡನ್ನು ನಂಬಿ. ಹಾಗಂತ ಎಕ್ಸ್‌ರೇ ಸುಳ್ಳು ಹೇಳಿತು ಅಂದುಕೊಳ್ಳಬೇಡಿ. ತೆಗೆದ ರೀತಿಗೆ ತಕ್ಕ ಹಾಗೆ ಅದು ಬಂದಿದೆ.

ಎಕ್ಸ್‌ರೇಯಲ್ಲಿ ನಮಗೆ ಸಿಗುವುದು ನೆರಳು ಮಾತ್ರ. ಗೋಡೆಗೂ ದೀಪಕ್ಕೂ ನಡುವೆ ಕೈ ಹಿಡಿದು ನೋಡಿ. ಕೈ ಗೋಡೆಗೆ ಹತ್ತಿರ ಇದ್ದರೆ ನೆರಳು ಹೆಚ್ಚುಕಡಿಮೆ ಕೈಯಷ್ಟೇ ಇರುತ್ತದೆ. ದೀಪದ ಕಡೆ ಸರಿಸುತ್ತಾ ಹೋದರೆ ನೆರಳು ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ನಮ್ಮ ಹೃದಯ ಇರುವುದು ಎದೆಯ ಮುಂಭಾಗದಲ್ಲಿ, ಎದೆಮೂಳೆಯ ಬೆನ್ನಿಗೇ ಅಂಟಿದಂತೆ. ನಿಲ್ಲಲು ಆಗುವವರಿಗೆ ಎದೆಯನ್ನು ಚಿತ್ರ ಮೂಡುವ ಪ್ಲೇಟಿಗೆ ಒತ್ತಿ ನಿಲ್ಲಿಸಿ, ಬೆನ್ನಿನ ಕಡೆಯಿಂದ ಕಿರಣ ಬಿಡುತ್ತಾರೆ. ಕಿರಣ ಬಿಡುವ ಟ್ಯೂಬ್ ಸುಮಾರು 180 ಸೆಂ.ಮೀ. ದೂರ ಇರುತ್ತದೆ, ಅಂದರೆ ಆರಡಿ. ಇದು ಪಿಎ ವ್ಯೂ. ಹೃದಯ ಪ್ಲೇಟಿಗೆ ಹತ್ತಿರ, ಟ್ಯೂಬ್ ದೂರ. ಹಾಗಾಗಿ ನೆರಳು ಅಷ್ಟಾಗಿ ಹಿಗ್ಗುವುದಿಲ್ಲ.

ನಿಮ್ಮ ತಂದೆಯವರಿಗೆ ಮಾಡಿದ್ದು ಇದರ ಉಲ್ಟಾ. ಪ್ಲೇಟ್ ಬೆನ್ನಿನ ಕೆಳಗೆ ಹೋಯಿತು, ಕಿರಣ ಮುಂದಿನಿಂದ ಬಂತು. ಹಾಸಿಗೆಯ ಪಕ್ಕ ಮಿಷನ್ ತಂದಾಗ ಆರಡಿ ದೂರ ಸಿಗುವುದೂ ಕಷ್ಟ, ಸಾಮಾನ್ಯವಾಗಿ 100 ಸೆಂ.ಮೀ. ಆಸುಪಾಸು ಇರುತ್ತದೆ. ಇದು ಎಪಿ ವ್ಯೂ. ಜೊತೆಗೆ ಮಲಗಿದವರಿಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಪರದೆ) ಮೇಲೆ ಸರಿದಿರುತ್ತದೆ. ಜ್ವರದಲ್ಲಿ ಪೂರ್ತಿ ಉಸಿರು ಎಳೆದುಕೊಳ್ಳಲೂ ಆಗುವುದಿಲ್ಲ. ಹೃದಯ ಅಡ್ಡಕ್ಕೆ ಹರಡಿದ ಹಾಗೆ ಕಾಣುತ್ತದೆ. ಇಷ್ಟೂ ಕಾರಣ ಒಟ್ಟಿಗೆ ಸೇರಿದಾಗ ಆರೋಗ್ಯವಂತ ಹೃದಯವೂ ದೊಡ್ಡದಾಗಿ ಕಾಣಬಹುದು.

ಅಳೆಯುವುದು ಹೇಗೆ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಬೆನ್ನುಮೂಳೆಯ ನಡುವೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಅಲ್ಲಿಂದ ಹೃದಯದ ಬಲ ಅಂಚು ಅತಿ ಹೆಚ್ಚು ಎಷ್ಟು ದೂರ ಹೋಗಿದೆ ನೋಡಿ, 4.5 ಸೆಂ.ಮೀ. ಎನ್ನೋಣ. ಎಡ ಅಂಚು 9 ಸೆಂ.ಮೀ. ಕೂಡಿದರೆ 13.5. ಇನ್ನು ಎದೆಗೂಡು ಎಲ್ಲಿ ಅತಿ ಅಗಲವೋ ಅಲ್ಲಿ ಪಕ್ಕೆಲುಬಿನ ಒಳ ಅಂಚಿನಿಂದ ಆ ಕಡೆಯ ಒಳ ಅಂಚಿಗೆ ಅಳೆಯಿರಿ, 29 ಸೆಂ.ಮೀ. ಎನ್ನೋಣ. 13.5ನ್ನು 29ರಿಂದ ಭಾಗಿಸಿದರೆ 0.47 ಹತ್ತಿರ ಬರುತ್ತದೆ. ದೊಡ್ಡವರಲ್ಲಿ ಇದು 0.50 ದಾಟಬಾರದು ಎಂಬುದು ಲೆಕ್ಕ. ಡಾನ್ಜರ್ ಎಂಬ ವೈದ್ಯರು 1919ರಲ್ಲಿ ವಿವರಿಸಿದ ಈ ಅಳತೆಯನ್ನು ಇವತ್ತಿಗೂ ಬಳಸುತ್ತೇವೆ. ಹಸುಗೂಸುಗಳಲ್ಲಿ 0.60ರವರೆಗೂ ಸಹಜ.

ಇದು ನಿಂತು ತೆಗೆದ ಪಿಎ ಫಿಲಂಗೆ ಮಾಡಿದ ಲೆಕ್ಕ. ಮಲಗಿಸಿ ತೆಗೆದದ್ದಕ್ಕೆ ಇದನ್ನೇ ತಂದು ಹಾಕಬಾರದು. ನಾನು ಎಪಿ ಫಿಲಂ ಓದುವಾಗ, ಹೃದಯ ತೀರಾ ಅಗಲವಾಗಿ ಕಂಡರೆ ಮಾತ್ರ ಆ ಮಾತು ಎತ್ತುತ್ತೇನೆ. ಆಗಲೂ 'ಹಾಸಿಗೆಯಲ್ಲಿ ತೆಗೆದ ಎಕ್ಸ್‌ರೇ, ಗಾತ್ರ ಹೇಳಲು ಸೂಕ್ತವಲ್ಲ' ಎಂದು ಪಕ್ಕದಲ್ಲೇ ಬರೆಯುತ್ತೇನೆ. ಆ ಒಂದು ಸಾಲು ಇಲ್ಲದ ರಿಪೋರ್ಟ್ ಒಂದು ಮನೆಯವರ ನಿದ್ದೆ ಕೆಡಿಸುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಬೇಜಾರಾದದ್ದು ಅದಕ್ಕೇ.

ಇನ್ನೊಂದು ಮಾತು. 0.51 ಬಂದವರೆಲ್ಲ ರೋಗಿಗಳಲ್ಲ, 0.48 ಬಂದವರೆಲ್ಲ ಆರೋಗ್ಯವಂತರೂ ಅಲ್ಲ. ಹೃದಯದ ಪಕ್ಕ ಕೊಬ್ಬು ಸೇರಿಕೊಂಡರೂ ನೆರಳು ಅಗಲವಾಗುತ್ತದೆ. ಬಿಪಿಯಿಂದ ಹೃದಯದ ಗೋಡೆ ಒಳಮುಖವಾಗಿ ದಪ್ಪವಾಗಿದ್ದರೆ ನೆರಳು ಬದಲಾಗದೇ ಇರಬಹುದು. ಎಕೋ ಬೇಕಾಗುವುದು ಇಂಥ ಕಡೆ.

ಪ್ರಶ್ನೆ: ರೇಡಿಯಾಲಜಿ ತರಬೇತಿಯಲ್ಲಿದ್ದೇನೆ. ಶ್ವಾಸಕೋಶ, ಹೃದಯ ಎಲ್ಲ ನೋಡಿ ಮುಗಿಸುತ್ತೇನೆ. ಮೂಳೆ ನೋಡಿದ್ದೇನೆ ಅಂತಲೇ ಅನ್ನಿಸುತ್ತದೆ. ಆದರೆ ಪಕ್ಕೆಲುಬಿನ ಮುರಿತ ಸೀನಿಯರ್ ಬೆರಳಿಟ್ಟು ತೋರಿಸಿದ ಮೇಲೇ ಕಾಣುತ್ತದೆ. ಮೂಳೆ ನೋಡಲು ಕ್ರಮ ಇದೆಯೇ?

ಉತ್ತರ: ಇದೆ. ಮೊದಲ ಬದಲಾವಣೆ ಇದು: ಮೂಳೆಯನ್ನು ಮೊದಲು ನೋಡಿ. ಕೊನೆಗೆ ಬೇಡ. ಎದೆಯ ಎಕ್ಸ್‌ರೇ ಇಟ್ಟ ತಕ್ಷಣ ಕಣ್ಣು ಶ್ವಾಸಕೋಶಕ್ಕೆ ಓಡುತ್ತದೆ. ಅಲ್ಲಿ ಒಂದು ಕಲೆ ಸಿಕ್ಕಿತೋ, ಮನಸ್ಸು ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ. ಆಮೇಲೆ ಮೂಳೆ ನೋಡುವುದು ಬರೀ ಶಾಸ್ತ್ರಕ್ಕೆ. ನಾನು ಈಗಲೂ ಮೂಳೆಯಿಂದಲೇ ಶುರು ಮಾಡುತ್ತೇನೆ. ನನ್ನ ಹತ್ತಿರ ಕಲಿಯುವವರಿಗೂ ಇದನ್ನೇ ಹಟ ಹಿಡಿದು ಹೇಳುತ್ತೇನೆ.

ಕೊರಳೆಲುಬುಗಳಿಂದ ಶುರುಮಾಡಿ. ಅವುಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಎರಡೂ ಕಡೆ ಸಮ ದೂರದಲ್ಲಿವೆಯೇ? ಇಲ್ಲದಿದ್ದರೆ ರೋಗಿ ತಿರುಗಿ ನಿಂತಿದ್ದಾರೆ. ಆಗ ಹೃದಯದ ಆಕಾರದ ಬಗ್ಗೆ ಏನು ಹೇಳುವುದಕ್ಕೂ ಮುಂಚೆ ಎರಡು ಸಲ ಯೋಚಿಸಬೇಕು. ಒಳತುದಿಯ ಕೆಳಗಡೆ ಒಂದು ಸಣ್ಣ ಹಳ್ಳ ಕಂಡರೆ ಹೆದರಬೇಡಿ. ಕೊರಳೆಲುಬನ್ನು ಮೊದಲ ಪಕ್ಕೆಲುಬಿಗೆ ಕಟ್ಟುವ ಪಟ್ಟಿ ಅಂಟುವ ಜಾಗ ಅದು. ಕೆಲವರಲ್ಲಿ ಮೂಳೆ ತಿಂದುಹೋದ ಹಾಗೇ ಕಾಣುತ್ತದೆ, ಆದರೆ ಸಹಜ.

ಇನ್ನು ಪಕ್ಕೆಲುಬು. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಏನೂ ಕಾಣುವುದಿಲ್ಲ. ಒಂದೊಂದನ್ನೇ ಹಿಡಿಯಿರಿ. ಹಿಂಭಾಗದ ಪಕ್ಕೆಲುಬು ಬೆನ್ನುಮೂಳೆಯಿಂದ ಹೊರಟು ಹೆಚ್ಚುಕಡಿಮೆ ಅಡ್ಡಕ್ಕೆ ಹೋಗುತ್ತದೆ. ಬದಿಗೆ ಹೋಗಿ ತಿರುಗುತ್ತದೆ. ಮುಂಭಾಗದಲ್ಲಿ ಇಳಿಜಾರಾಗಿ ಮಧ್ಯಕ್ಕೆ ಬಂದು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ನಿಂತದ್ದು ಮೂಳೆ ಹಾಳಾಗಿ ಅಲ್ಲ. ಅಲ್ಲಿಂದ ಮುಂದೆ ಕಾರ್ಟಿಲೇಜ್, ಅಂದರೆ ಮೆದು ಮೂಳೆ, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ವಯಸ್ಸಾದಂತೆ ಅದರಲ್ಲಿ ಸುಣ್ಣ ಸೇರಿ ಬೆಳ್ಳಗೆ ಕಾಣತೊಡಗುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ಅಂಚುಗಳಲ್ಲಿ, ಹೆಂಗಸರಲ್ಲಿ ನಡುವೆ. ಮೊದಲ ಪಕ್ಕೆಲುಬಿನ ಮುಂತುದಿಯಲ್ಲಿ ಈ ಸುಣ್ಣ ದಟ್ಟವಾಗಿ ಕೂತರೆ ಶ್ವಾಸಕೋಶದ ಗಂಟಿನ ಹಾಗೇ ಕಾಣುತ್ತದೆ. ಆ ಕಡೆ ಈ ಕಡೆ ಹೋಲಿಸಿದರೆ ಬಹಳ ಸಲ ಅನುಮಾನ ಹೋಗುತ್ತದೆ.

ಪಕ್ಕೆಲುಬಿನ ಮೇಲಂಚು, ಕೆಳಂಚು ಎರಡೂ ತೆಳುವಾದ ಬಿಳಿ ಗೆರೆಗಳು. ಬೆನ್ನುಮೂಳೆಯಿಂದ ಮುಂತುದಿಯವರೆಗೆ ಆ ಗೆರೆಯ ಮೇಲೆ ಕಣ್ಣು ಇಡಿ. ಎಲ್ಲಾದರೂ ಗೆರೆ ಮುರಿದಿದೆಯೇ, ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿದಿದೆಯೇ? ಮೋಸ ಹೋಗುವುದು ಬದಿಯಲ್ಲಿ, ಪಕ್ಕೆಲುಬು ತಿರುಗುವ ಜಾಗದಲ್ಲಿ. ಅಲ್ಲಿ ಅದು ತನ್ನ ಮೇಲೇ ತಾನು ಬಿದ್ದಿರುತ್ತದೆ. ಅಲ್ಲಿ ಎರಡು ಸಲ ನಿಲ್ಲಿ. ನಾನು ಅನುಮಾನ ಬಂದರೆ ಚಿತ್ರವನ್ನು ಅಡ್ಡಕ್ಕೆ ತಿರುಗಿಸುತ್ತೇನೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ಎದೆಯ ಚಿತ್ರ ಎಂಬ ರೂಢಿ ತಪ್ಪಿ, ಕಣ್ಣಿಗೆ ಬರೀ ಗೆರೆಗಳು ಉಳಿಯುತ್ತವೆ. ಕಪ್ಪು ಬಿಳಿ ಅದಲು ಬದಲು ಮಾಡಿಯೂ ನೋಡಿ. ಕೆಲವು ಮುರಿತಗಳು ಆಗಲೇ ಎದ್ದು ಕಾಣುವುದು.

ಬೆನ್ನುಮೂಳೆಯನ್ನು ಹೃದಯದ ನೆರಳಿನ ಹಿಂದೆ ಹುಡುಕಿ ನೋಡಬೇಕು. ಬೆನ್ನುಮೂಳೆಯ ಒಂದೊಂದು ತುಂಡೂ ಒಂದು ಕಶೇರು. ಪ್ರತಿ ಕಶೇರುವಿನ ಮೇಲೂ ಎರಡು ಪುಟ್ಟ ಬಿಳಿ ಉಂಗುರಗಳು ಕಾಣುತ್ತವೆ, ಅವು ಪೆಡಿಕಲ್, ಕಶೇರುವಿನ ಮುಂಭಾಗವನ್ನು ಹಿಂಭಾಗಕ್ಕೆ ಸೇರಿಸುವ ಕಂಬಗಳು. ಒಂದು ಕಶೇರುವಿನಲ್ಲಿ ಒಂದು ಉಂಗುರ ಮಾತ್ರ ಕಾಣೆಯಾಗಿದ್ದರೆ ಆ ಫಿಲಂ ಪಕ್ಕಕ್ಕಿಡಬೇಡಿ. ಬೇರೆಲ್ಲಿಂದಲೋ ಹರಡಿದ ಕ್ಯಾನ್ಸರ್ ಮೂಳೆ ತಿಂದಿರಬಹುದು. ಹುಟ್ಟಿನಿಂದಲೇ ಇಲ್ಲದಿರುವುದೂ ಉಂಟು, ಆದರೆ ಅದು ಅಪರೂಪ. ಆಮೇಲೆ ಹೆಗಲ ಮೂಳೆ, ತೋಳಿನ ಮೇಲ್ತುದಿ. ಫಿಲಂನ ಮೂಲೆಯಲ್ಲಿ ಇರುವುದರಿಂದ ಎಲ್ಲರೂ ಮರೆಯುವುದು ಇದನ್ನೇ. ಹೆಗಲ ಮೂಳೆಯ ಒಳ ಅಂಚು ಶ್ವಾಸಕೋಶದ ಮೇಲೆ ಬಿದ್ದರೆ, ಶ್ವಾಸಕೋಶದ ಸುತ್ತ ಗಾಳಿ ಸೇರಿದ ಗೆರೆಯ ಹಾಗೆ ಕಾಣುತ್ತದೆ. ಅದನ್ನು ತುದಿಯವರೆಗೂ ಹಿಂಬಾಲಿಸಿ, ಮೂಳೆಗೆ ಸೇರುತ್ತದೆಯೋ ನೋಡಿ.

ಇಷ್ಟೂ ಆದ ಮೇಲೆ ಹೃದಯಕ್ಕೆ ಬನ್ನಿ. ಮೂಳೆ ನೋಡಿದ್ದರ ಲಾಭ ಇಲ್ಲೂ ಇದೆ. ವಪೆಯ ಮೇಲೆ ಹಿಂಭಾಗದ ಪಕ್ಕೆಲುಬು 9 ಅಥವಾ 10 ಎಣಿಸಲು ಸಿಕ್ಕರೆ ಉಸಿರು ಚೆನ್ನಾಗಿ ಎಳೆದಿದ್ದಾರೆ. ಏಳೇ ಸಿಕ್ಕರೆ ಹೃದಯ ದೊಡ್ಡದು ಎಂದು ಬರೆಯುವ ಕೈಯನ್ನು ಹಿಡಿಯಿರಿ. ಹಿಂಭಾಗದ ಪಕ್ಕೆಲುಬು ತೀರಾ ಅಡ್ಡ, ಮುಂಭಾಗದವು ತೀರಾ ಕಡಿದಾದ ಇಳಿಜಾರು, ಹೃದಯ ಎಡಕ್ಕೆ ಸರಿದಿದೆ, ಬಲ ಅಂಚು ಮಸುಕು. ಹೀಗಿದ್ದರೆ ಎದೆಮೂಳೆ ಒಳಕ್ಕೆ ತಗ್ಗಿದೆ. ಅದನ್ನು ಬಲ ಶ್ವಾಸಕೋಶದ ನ್ಯುಮೋನಿಯಾ ಎಂದು ಬರೆದುಬಿಡುವುದು ಬಹಳ ಸುಲಭ. ಮೂಳೆ ನೋಡಿದವರು ಬರೆಯುವುದಿಲ್ಲ.

ಪ್ರಶ್ನೆ: ಮೆಟ್ಟಿಲಿನಿಂದ ಬಿದ್ದೆ. ಎಕ್ಸ್‌ರೇ ನಾರ್ಮಲ್ ಎಂದರು. ಎರಡು ವಾರವಾದರೂ ಉಸಿರೆಳೆದರೆ, ಕೆಮ್ಮಿದರೆ ಪಕ್ಕೆಯಲ್ಲಿ ಚುಚ್ಚುತ್ತದೆ. ಸುಮ್ನೆ ನೋವು ಅಂತಾರೆ ಮನೆಯವರು.

ಉತ್ತರ: ಸುಮ್ನೆ ನೋವಲ್ಲ. ಜಾಗ ಬಿಟ್ಟು ಸರಿಯದ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ತುಂಬಾ ಸಾಮಾನ್ಯ. ಕಾರ್ಟಿಲೇಜ್‌ಗೆ ಪೆಟ್ಟಾಗಿದ್ದರಂತೂ ಕಾಣುವುದೇ ಇಲ್ಲ. ಕೆಲವು ವಾರ ಬಿಟ್ಟು ಹೊಸ ಮೂಳೆ ಕೂಡಿಕೊಳ್ಳುವಾಗ ಆ ಜಾಗ ಉಬ್ಬಿ ಬೆಳ್ಳಗಾಗುತ್ತದೆ. ಮುರಿದಿತ್ತು ಎಂದು ಆಗ ಗೊತ್ತಾಗುತ್ತದೆ.

ಹಾಗಿದ್ದರೆ ಎಕ್ಸ್‌ರೇ ಯಾಕೆ ತೆಗೆದರು? ಮುರಿತ ಎಣಿಸುವುದಕ್ಕಲ್ಲ. ಶ್ವಾಸಕೋಶದ ಸುತ್ತ ಗಾಳಿಯೋ ರಕ್ತವೋ ಸೇರಿದೆಯೇ ಎಂದು ನೋಡಲು. ಅದು ಇಲ್ಲ ಎಂದಿದ್ದಾರೆ, ಅದೇ ದೊಡ್ಡ ಸಮಾಧಾನ. ಪಕ್ಕೆಲುಬು ಸಾಮಾನ್ಯವಾಗಿ ಆರು ವಾರದ ಆಸುಪಾಸಿನಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಉಸಿರು ಚಿಕ್ಕದಾಗಿ ಕಫ ಕಟ್ಟಿಕೊಳ್ಳುತ್ತದೆ. ಡಾಕ್ಟರು ಕೊಟ್ಟ ನೋವಿನ ಮಾತ್ರೆ ತೆಗೆದುಕೊಂಡು, ಆಗಾಗ ಉದ್ದ ಉಸಿರು ಎಳೆದುಕೊಳ್ಳಿ. ಏದುಸಿರು, ಜ್ವರ, ಕಫದಲ್ಲಿ ರಕ್ತ, ಹೊಟ್ಟೆನೋವು, ಇವುಗಳಲ್ಲಿ ಯಾವುದಾದರೂ ಬಂದರೆ ಕಾಯಬೇಡಿ. ಕೆಳಗಿನ ಪಕ್ಕೆಲುಬುಗಳ ಹಿಂದೆ ಲಿವರ್, ಗುಲ್ಮ (ಸ್ಪ್ಲೀನ್), ಮೂತ್ರಪಿಂಡ ಇವೆ.

ಪ್ರಶ್ನೆ: ನನಗೆ 24 ವರ್ಷ, ಬಿಪಿ ಜಾಸ್ತಿ. ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ ಪಕ್ಕೆಲುಬಿನ ಕೆಳಭಾಗವನ್ನೇ ಬಹಳ ಹೊತ್ತು ನೋಡಿದರು. ಬಿಪಿಗೂ ಪಕ್ಕೆಲುಬಿಗೂ ಏನು ಸಂಬಂಧ?

ಉತ್ತರ: ನಿಮ್ಮ ಡಾಕ್ಟರು ಒಳ್ಳೆಯವರು ಸಿಕ್ಕಿದ್ದಾರೆ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಹೃದಯದ ದೊಡ್ಡ ರಕ್ತನಾಳದ ತೊಂದರೆ ಮೂಳೆಯ ಮೇಲೆ ಗುರುತು ಬಿಡುವ ಕಥೆ ಇದು.

ಕೆಲವರಿಗೆ ಹುಟ್ಟಿನಿಂದಲೇ, ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ (ಅಯೋರ್ಟಾ) ಒಂದು ಕಡೆ ಕಿರಿದಾಗಿರುತ್ತದೆ. ಸಾಮಾನ್ಯವಾಗಿ ಎಡಗೈಗೆ ರಕ್ತ ಕೊಡುವ ಕವಲು ದಾಟಿದ ತಕ್ಷಣ. ಇದಕ್ಕೆ ಕೋಆರ್ಕ್ಟೇಶನ್ ಎನ್ನುತ್ತೇವೆ. ತಲೆಗೆ, ಕೈಗೆ ಹೋಗುವ ರಕ್ತದ ಒತ್ತಡ ಏರುತ್ತದೆ. ಕೆಳಗೆ, ಕಾಲಿನ ಕಡೆ ಇಳಿಯುತ್ತದೆ. ದೇಹ ಸುಮ್ಮನಿರುವುದಿಲ್ಲ, ಸುತ್ತುದಾರಿ ಹುಡುಕುತ್ತದೆ. ಎದೆಯ ಮುಂಭಾಗದ ರಕ್ತನಾಳಗಳಿಂದ ಪಕ್ಕೆಲುಬಿನ ನಡುವಿನ ನಾಳಗಳಿಗೆ ರಕ್ತ ಇಳಿಯುತ್ತದೆ. ಅಲ್ಲಿಂದ ಉಲ್ಟಾ ದಿಕ್ಕಿನಲ್ಲಿ ಹರಿದು, ಕಿರಿದಾದ ಜಾಗದ ಕೆಳಗೆ ಮಹಾಪಧಮನಿಯನ್ನು ಸೇರುತ್ತದೆ. ಈ ನಾಳಗಳು ಪ್ರತಿ ಪಕ್ಕೆಲುಬಿನ ಕೆಳಂಚಿನ ಒಂದು ಸಣ್ಣ ಕಾಲುವೆಯಲ್ಲಿ ಇರುತ್ತವೆ. ವರ್ಷಗಟ್ಟಲೆ ಜಾಸ್ತಿ ರಕ್ತ ಹರಿದು ಅವು ಉಬ್ಬಿ, ಸೊಟ್ಟಸೊಟ್ಟಾಗಿ, ಪ್ರತಿ ಬಡಿತಕ್ಕೂ ಮೂಳೆಗೆ ಒತ್ತುತ್ತವೆ. ಮೂಳೆಯ ಕೆಳಂಚು ಅಲ್ಲಲ್ಲಿ ಕಚ್ಚು ಬಿದ್ದ ಹಾಗೆ ಸವೆಯುತ್ತದೆ. ಪುಟ್ಟ ಮಕ್ಕಳಲ್ಲಿ ಇದು ಕಾಣುವುದಿಲ್ಲ, ಸವೆಯಲು ವರ್ಷಗಳು ಬೇಕು.

ಇನ್ನೂ ಸ್ವಾರಸ್ಯ ಇದೆ. ಕಚ್ಚು ಸಾಮಾನ್ಯವಾಗಿ ಮೂರು ಅಥವಾ ನಾಲ್ಕನೆಯ ಪಕ್ಕೆಲುಬಿನಿಂದ ಎಂಟನೆಯದರವರೆಗೆ. ಮೊದಲ ಎರಡರಲ್ಲಿ ಇರುವುದಿಲ್ಲ. ಯಾಕೆಂದರೆ ಆ ಎರಡರ ಹಿಂಭಾಗದ ನಾಳಗಳು ಹುಟ್ಟುವುದು ಕಿರಿದಾದ ಜಾಗಕ್ಕಿಂತ ಮೇಲಿನ ಕವಲಿನಿಂದ. ಅವು ಮಹಾಪಧಮನಿಯ ಕೆಳಭಾಗಕ್ಕೆ ಸೇರುವುದೇ ಇಲ್ಲ, ಹಾಗಾಗಿ ಸುತ್ತುದಾರಿಗೆ ಬರುವುದಿಲ್ಲ. ಕಚ್ಚು ಇಲ್ಲ ಎಂದಾಕ್ಷಣ ಕಾಯಿಲೆ ಇಲ್ಲ ಎಂದಲ್ಲ. ಕೈಯಲ್ಲೂ ಕಾಲಲ್ಲೂ ಬಿಪಿ ಅಳೆಯಿಸಿ, ತೊಡೆಸಂದಿಯ ನಾಡಿ ನೋಡಿಸಿ. ಅನುಮಾನ ಉಳಿದರೆ ಎಕೋ, ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ. ಚಿಕ್ಕ ವಯಸ್ಸಿನ ಬಿಪಿಗೆ ಬೇರೆ ಕಾರಣಗಳೂ ಇವೆ, ಮೂತ್ರಪಿಂಡದ್ದು ಅದರಲ್ಲಿ ಮುಖ್ಯ.

ಪ್ರಶ್ನೆ: ಎದೆಯ ಎಕ್ಸ್‌ರೇ ನಾರ್ಮಲ್ ಇದ್ದರೆ ಹಾರ್ಟ್ ಬ್ಲಾಕ್ ಇಲ್ಲ ಎಂದಲ್ವಾ?

ಉತ್ತರ: ಅಲ್ಲ, ಖಂಡಿತ ಅಲ್ಲ. ಹೃದಯದ ಸ್ನಾಯು, ಒಳಗಿನ ರಕ್ತ, ರಕ್ತನಾಳ ಎಲ್ಲವೂ ಎಕ್ಸ್‌ರೇಗೆ ಒಂದೇ ಬಣ್ಣ. ನಾಳ ಕಟ್ಟಿಕೊಂಡಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುವುದಿಲ್ಲ. ಹೃದಯಾಘಾತ ಆಗುತ್ತಿರುವಾಗಲೂ ಎಕ್ಸ್‌ರೇ ಪೂರ್ತಿ ನಾರ್ಮಲ್ ಇರಬಹುದು. ಎದೆನೋವು ಬಂದವರು ಎಕ್ಸ್‌ರೇ ತೋರಿಸಿ ಧೈರ್ಯ ತಂದುಕೊಳ್ಳಬೇಡಿ. ಕೂಡಲೇ ಇಸಿಜಿ ಮಾಡಿಸಿ.

ಪ್ರಶ್ನೆ: ಅಮ್ಮನಿಗೆ 72. ರಿಪೋರ್ಟಿನಲ್ಲಿ 'ಅಯೋರ್ಟಾ ಅನ್‌ಫೋಲ್ಡಿಂಗ್' ಮತ್ತು 'ಆಸ್ಟಿಯೊಪೀನಿಯಾ' ಎಂದಿದೆ. ಎರಡರಲ್ಲಿ ಯಾವುದು ಅಪಾಯ?

ಉತ್ತರ: ಮೊದಲನೆಯದಕ್ಕೆ ಹೆದರಬೇಕಿಲ್ಲ. ವಯಸ್ಸಾದಂತೆ ಮಹಾಪಧಮನಿ ತುಸು ಉದ್ದವಾಗಿ, ಅದರ ಬಾಗು ಬಿಚ್ಚಿಕೊಂಡ ಹಾಗೆ ಕಾಣುತ್ತದೆ. ಬಿಪಿ ಹಿಡಿತದಲ್ಲಿದ್ದರೆ ಸಾಕು. 'ಅಗಲವಾಗಿದೆ' ಎಂದು ಬರೆದಿದ್ದರೆ ಅದು ಬೇರೆ ಮಾತು, ಆಗ ಅಳೆಯಿಸಲೇಬೇಕು.

ನನ್ನ ಗಮನ ಎರಡನೆಯದರ ಮೇಲೆ, ಅಂದರೆ ಮೂಳೆ ತೆಳುವಾಗಿದೆ ಎಂಬುದರ ಮೇಲೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆ ತೆಳುವಾಗಿದೆ ಎಂದು ಕಾಣಬೇಕಾದರೆ ಸುಮಾರು ಶೇ. 30ರಷ್ಟು ಸತ್ವ ಆಗಲೇ ಹೋಗಿರುತ್ತದೆ. ಎಕ್ಸ್‌ರೇ ತೆಗೆಯುವಾಗ ಕಿರಣ ಜಾಸ್ತಿಯಾದರೂ ಮೂಳೆ ತೆಳುವಾಗಿ ಕಾಣಬಹುದು, ಆದ್ದರಿಂದ ಇದೊಂದೇ ಸಾಕ್ಷಿ ಸಾಲದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅಮ್ಮನ ಎತ್ತರ ಕಡಿಮೆಯಾಗಿದೆಯೇ, ಬೆನ್ನು ಬಾಗಿದೆಯೇ? ಹಾಗಿದ್ದರೆ ಪಕ್ಕದಿಂದ ಒಂದು ಎಕ್ಸ್‌ರೇ ಬೇಕು. ಕಶೇರುವಿನ ಮುಂಭಾಗ ಕುಸಿದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ನೋವೇ ಇಲ್ಲದೆ ಕುಸಿಯುವುದೂ ಉಂಟು. ರಿಪೋರ್ಟಿನಲ್ಲಿ ಹೃದಯಕ್ಕೆ ಸಂಬಂಧಿಸಿದ ಪದ ಕಂಡು ಗಾಬರಿಯಾಗಿ, ಮೂಳೆಯ ಸಾಲನ್ನು ಬಿಟ್ಟುಬಿಡುವವರನ್ನು ದಿನವೂ ನೋಡುತ್ತೇನೆ. ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ಕೆಲಸಕ್ಕೆ ಸೇರುವಾಗ ತೆಗೆದ ಎಕ್ಸ್‌ರೇಯಲ್ಲಿ ನನ್ನ ಹೃದಯ ಬಲಗಡೆ ಇದೆ ಎಂದರು. ಫಿಲಂ ತಿರುಗಿಸಿ ಹಿಡಿದಿದ್ದರೋ ಏನೋ?

ಉತ್ತರ: ಆ ಅನುಮಾನ ಸರಿಯಾದದ್ದೇ. ಫಿಲಂನ ಮೂಲೆಯಲ್ಲಿ ಎಡ ಬಲ ಗುರುತಿಸುವ ಅಕ್ಷರ ಇರುತ್ತದೆ. ಅದನ್ನು ನೋಡದೆ ಯಾರೂ ಈ ಮಾತು ಹೇಳಬಾರದು. ಅಕ್ಷರವೇ ತಪ್ಪು ಕಡೆ ಬಿದ್ದಿರುವುದೂ ಉಂಟು. ಆದ್ದರಿಂದ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿ.

ಸಾಮಾನ್ಯವಾಗಿ ಹೃದಯದ ಮೂರರಲ್ಲಿ ಎರಡು ಪಾಲು ಎಡಗಡೆ, ಒಂದು ಪಾಲು ಬಲಗಡೆ ಇರುತ್ತದೆ. ನಿಜವಾಗಿಯೂ ಬಲಗಡೆ ಇದ್ದರೆ ಹೊಟ್ಟೆಯ ಗಾಳಿಗುಳ್ಳೆ ನೋಡಿ. ಅದೂ ಬಲಕ್ಕೆ ಬಂದಿದ್ದರೆ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲು ಬದಲಾಗಿವೆ. ಹೀಗಿರುವವರು ಬಹುತೇಕ ಆರೋಗ್ಯವಾಗಿಯೇ ಬದುಕುತ್ತಾರೆ. ಕೆಲವರಿಗೆ ಮಾತ್ರ ಪದೇ ಪದೇ ಸೈನಸ್, ಕಫದ ತೊಂದರೆ ಇರುತ್ತದೆ. ಗಾಳಿಗುಳ್ಳೆ ಎಡದಲ್ಲೇ ಇದ್ದು ಹೃದಯ ಮಾತ್ರ ಬಲಕ್ಕಿದ್ದರೆ ಹೃದಯದ ಒಳಗೆ ಬೇರೆ ದೋಷ ಇರುವ ಸಾಧ್ಯತೆ ಹೆಚ್ಚು. ಶ್ವಾಸಕೋಶ ಕುಗ್ಗಿ ಹೃದಯವನ್ನು ಎಳೆದುಕೊಂಡಿರಲೂಬಹುದು. ಯಾವುದೇ ಆದರೂ ಒಂದು ಎಕೋ ಮಾಡಿಸಿ. ನಿಮ್ಮ ಅಂಗಗಳು ಅದಲು ಬದಲು ಎಂದು ಖಚಿತವಾದರೆ, ಆ ವಿಷಯ ಬರೆದ ಚೀಟಿ ಸದಾ ಜೊತೆಗಿರಲಿ. ಅಪೆಂಡಿಕ್ಸ್ ನೋವು ನಿಮಗೆ ಎಡಗಡೆ ಬರುತ್ತದೆ. ಇಸಿಜಿ ತಂತಿಗಳನ್ನೂ ಬೇರೆ ರೀತಿ ಹಾಕಬೇಕು.

ಪ್ರಶ್ನೆ: ಮತ್ತೆ ಮತ್ತೆ ಎಕ್ಸ್‌ರೇ ತೆಗೆಸಿದರೆ ತೊಂದರೆಯೇ? ಹಳೆಯ ಫಿಲಂಗಳನ್ನು ಎಸೆಯಬಹುದೇ?

ಉತ್ತರ: ಒಂದು ಪಿಎ ಎಕ್ಸ್‌ರೇಯಲ್ಲಿ ದೇಹಕ್ಕೆ ಸಿಗುವ ವಿಕಿರಣ ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸಿಗುವುದು ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಅಂದರೆ ಒಂದು ಎಕ್ಸ್‌ರೇ, ಸುಮ್ಮನೆ ಬದುಕಿದ್ದರೂ ಮೂರು ದಿನದಲ್ಲಿ ಸಿಗುವ ವಿಕಿರಣಕ್ಕೆ ಸಮ. ಕಾರಣ ಇದ್ದಾಗ ಹೆದರದೆ ತೆಗೆಸಿ. ಕಾರಣ ಇಲ್ಲದೆ ಒಂದೂ ಬೇಡ. ಗರ್ಭಿಣಿಯಾಗಿದ್ದರೆ ಅಥವಾ ಅನುಮಾನವಿದ್ದರೆ ಮೊದಲೇ ಹೇಳಿ.

ಹಳೆಯ ಫಿಲಂ ಎಸೆಯಬೇಡಿ. ಹೃದಯದ ನೆರಳು 0.52 ಇದೆ ಎನ್ನಿ. ಐದು ವರ್ಷದ ಹಿಂದೆಯೂ ಅಷ್ಟೇ ಇತ್ತು ಎಂದು ಗೊತ್ತಾದರೆ ನನ್ನ ಯೋಚನೆ ಒಂದು ರೀತಿ, ಆರು ತಿಂಗಳ ಹಿಂದೆ 0.45 ಇತ್ತು ಎಂದಾದರೆ ಬೇರೆ ರೀತಿ. ಪಕ್ಕೆಲುಬಿನ ಮೇಲಿನ ಬಿಳಿ ಚುಕ್ಕೆ ಹಳೆಯದೋ ಹೊಸದೋ ಎಂದು ಹೇಳಲು ಹಳೆಯ ಫಿಲಂಗಿಂತ ಒಳ್ಳೆಯ ಸಾಧನ ಇಲ್ಲ. ಬಿಸಿಲು, ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ, ಮಡಚಬೇಡಿ. ಸಿಡಿ ಕೊಟ್ಟಿದ್ದರೆ ಕಂಪ್ಯೂಟರಿಗೆ ಹಾಕಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫಿಲಂನ ಫೋಟೊ ತೆಗೆದು ನನಗೆ ಕಳಿಸುವವರು ಕೆಲವರಿದ್ದಾರೆ. ಅದರಲ್ಲಿ ಹೃದಯದ ಗಾತ್ರ ಅಂದಾಜಿಗೆ ಸಿಗುತ್ತದೆ, ಪಕ್ಕೆಲುಬಿನ ಬಿರುಕು ಸಿಗುವುದಿಲ್ಲ. ಮೂಲ ಫಿಲಂ ಅಥವಾ ಸಿಡಿಯನ್ನೇ ನಿಮ್ಮ ಡಾಕ್ಟರಿಗೆ ಕೊಡಿ.